ಮಾವನ ಮಗ್ಗದ ಪಕ್ಕ ಒಂದು ಸ್ಪೀಕರು

ನಮ್ಮ ಅವ್ವ ಈ ಲೋಕದಲ್ಲಿ ಯಾವುದನ್ನೂ ಹೊಗಳಿದವಳಲ್ಲ. ನಮ್ಮ ಮಾವ, ಅಂದರೆ ನನಗೆ ಹೆಣ್ಣು ಕೊಟ್ಟವರು, ಯಾವುದನ್ನೂ ತೆಗಳಿದವರಲ್ಲ. ಅವ್ವ ಇರುವುದು ಚಳ್ಳಕೆರೆಯಲ್ಲಿ, ನನ್ನ ಜೊತೆ. ಮಾವ ಇರುವುದು ಮೊಳಕಾಲ್ಮುರಿನಲ್ಲಿ, ತಮ್ಮ ರೇಷ್ಮೆ ಸೀರೆಯ ಮಗ್ಗದ ಜೊತೆ. ನಾನು ಮಾಡಿದ ಸ್ಪೀಕರು ಚೆನ್ನಾಗಿದೆಯೋ ಇಲ್ಲವೋ ಎಂದು ಇವರಿಬ್ಬರನ್ನು ಕೇಳಿ ತಿಳಿದುಕೊಳ್ಳಲು ಹೊರಟೆ ನೋಡಿ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಯಿತು.

ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ನನ್ನ ಕಸುಬು. ಸ್ಪೀಕರು ಮಾಡುವುದು ನನ್ನ ಹುಚ್ಚು. ಅದರಲ್ಲೂ ನನಗೆ ಫುಲ್ ರೇಂಜ್ ಎನ್ನುವ ಜಾತಿಯೇ ಆಗಬೇಕು. ಅಂಗಡಿಯ ಪೆಟ್ಟಿಗೆಗಳಲ್ಲಿ ದಪ್ಪ ಸದ್ದಿಗೊಂದು, ಸಣ್ಣ ಸದ್ದಿಗೊಂದು ಎಂದು ಬೇರೆ ಬೇರೆ ಸ್ಪೀಕರು ಕೂರಿಸಿರುತ್ತಾರೆ. ಇದರಲ್ಲಿ ಹಾಗಲ್ಲ. ಒಂದೇ ಸ್ಪೀಕರು ಡೋಲಿನಿಂದ ಹಿಡಿದು ಗೆಜ್ಜೆಯವರೆಗೆ ಎಲ್ಲವನ್ನೂ ತಾನೇ ನುಡಿಸಬೇಕು. ತಾನೇ ಉತ್ತು, ತಾನೇ ಬಿತ್ತಿ, ಸಂತೆಗೂ ತಾನೇ ಹೋಗಿ ಬರುವ ಒಂಟಿ ಮನುಷ್ಯನಿದ್ದಂತೆ ಅದು. ಎಲ್ಲ ಕೆಲಸವೂ ಒಂದಿಷ್ಟು ಕೆಡುತ್ತದೆ, ಆದರೂ ಮರ್ಯಾದೆಯಿಂದ ಬಾಳುತ್ತದೆ.

ಮಾವನ ರೇಡಿಯೊ ಸತ್ತದ್ದರಿಂದ ಈ ಕಥೆ ಶುರುವಾಯಿತು. ಮಗ್ಗದ ಪಕ್ಕದ ಗೋಡೆಯ ಗೂಡಿನಲ್ಲಿ ಕೂತು ಅವರ ಹರೆಯದಿಂದಲೂ ಹಾಡಿಕೊಂಡು ಬಂದ ರೇಡಿಯೊ ಅದು. ಅದು ಬಾಯಿ ಮುಚ್ಚಿದ ಮೇಲೆ ಮಾವನ ಕೈ ನಿಧಾನವಾಗಿದೆ, ಮಗ್ಗದ ಮುಂದೆ ಮಂಕಾಗಿ ಕೂತಿರುತ್ತಾರೆ ಎಂದು ನನ್ನ ಹೆಂಡತಿ ತೌರಿನಿಂದ ಬಂದವಳು ಹೇಳಿದಳು. ನಾನೇ ಒಂದು ಸ್ಪೀಕರು ಮಾಡಿಕೊಡುತ್ತೇನೆ, ಮೊಬೈಲಿನಿಂದ ಹಾಡು ಹಾಕಿಕೊಳ್ಳಲಿ ಎಂದೆ. ಅವಳ ಮುಖ ಬಾಡಿತು. ಕಾರಣ ಫ್ಯಾನು.

ಹಿಂದೊಮ್ಮೆ ನಾನು ಮಾವನ ಮೇಜಿನ ಫ್ಯಾನಿಗೆ ಹೊಸ ತಂತಿ ಸುತ್ತಿ ಕೊಟ್ಟಿದ್ದೆ. ಸುತ್ತುವಾಗ ಏನೋ ತಿರುವುಮುರುವಾಗಿ ಅದು ಗಾಳಿಯನ್ನು ಹಿಂದಕ್ಕೆ ಬಿಡುತ್ತಿತ್ತು. ಅತ್ತೆಮನೆಯಲ್ಲಿ ಅಳಿಯನೆಂದರೆ ದೇವರು, ಅಳಿಯನ ಕೆಲಸದಲ್ಲಿ ತಪ್ಪು ಹುಡುಕುವವರುಂಟೇ? ಮಾವ ಫ್ಯಾನಿನ ಮುಖವನ್ನು ಗೋಡೆಗೆ ತಿರುಗಿಸಿಟ್ಟು ಅದರ ಬೆನ್ನ ಹಿಂದೆ ಕೂತು ಬೇಸಿಗೆಗಳನ್ನೇ ಕಳೆದುಬಿಟ್ಟರು. ಕೇಳಿದಾಗಲೆಲ್ಲ ಬಾಳ ಚೆನ್ನಾಗೈತೆ ಎಂದರು. ಈಗ ಸ್ಪೀಕರು ಕೆಟ್ಟದಾಗಿದ್ದರೆ? ಇನ್ನುಳಿದ ಆಯುಸ್ಸನ್ನೆಲ್ಲ ಆ ಮನುಷ್ಯ ಕೆಟ್ಟ ಸದ್ದು ಕೇಳಿಕೊಂಡು, ಚೆನ್ನಾಗೈತೆ ಎನ್ನುತ್ತಲೇ ಕಳೆಯುತ್ತಾರೆ. ಈ ಯೋಚನೆ ಬಂದ ಮೇಲೆ ನನಗೆ ಹೆದರಿಕೆಯಾಯಿತು. ಮಾವನ ಬಾಯಿಂದ ಒಂದು ನಿಜ ಹೊರಡಿಸದೆ ಸ್ಪೀಕರನ್ನು ಅಲ್ಲಿ ಬಿಟ್ಟು ಬರುವುದಿಲ್ಲವೆಂದು ತೀರ್ಮಾನಿಸಿದೆ.

ಪ್ಲೈವುಡ್ಡಿನ ಪೆಟ್ಟಿಗೆ ಮಾಡಿ, ಸ್ಪೀಕರು ಕೂರಿಸಿ, ಮೊದಲ ಹಾಡನ್ನು ಅವ್ವನಿಗೆ ಕೇಳಿಸಿದೆ. ಅವ್ವ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ತಗಡಿನ ಡಬ್ಬದಾಗೆ ಕುಂತು ಯಾರೋ ಕೂಗಿದಂಗೈತೆ" ಅಂದಳು.

ಸರಿ, ದಪ್ಪ ಸದ್ದು ಬೇಕು. ಪೆಟ್ಟಿಗೆಗೊಂದು ತೂತು ಕೊರೆದು ಬೋರ್‌ವೆಲ್ ಪೈಪಿನ ತುಂಡು ಸಿಕ್ಕಿಸಿದೆ. ಪೈಪು ಉದ್ದವಾಯಿತೆಂದು ಒಂದಿಷ್ಟು ಕೊಯ್ದೆ, ಗಿಡ್ಡವಾಯಿತೆಂದು ಬೇರೆ ತುಂಡು ತಂದೆ, ಮತ್ತೆ ಕೊಯ್ದೆ. ಮನೆ ತುಂಬ ಪೈಪಿನ ಬಳೆಗಳಾದವು. ಪೆಟ್ಟಿಗೆಯೊಳಗಿನ ಗುಂಯ್‌ಗುಡುವಿಕೆ ಅಡಗಿಸಲು ಹತ್ತಿಯನ್ನೋ ಉಣ್ಣೆಯನ್ನೋ ತುಂಬುತ್ತಾರೆ. ಕಂಬಳಿ ನೇಯುವ ಊರಿನಲ್ಲಿದ್ದುಕೊಂಡು ಹತ್ತಿ ತುಂಬುವುದೇ? ಪರಿಚಯದವರಿಂದ ಒಂದು ಚೀಲ ಕುರಿ ಉಣ್ಣೆ ತಂದು ತುರುಕಿದೆ. ಅದನ್ನು ಮೊದಲು ತೊಳೆಯಬೇಕೆಂದು ಕುರಿಗೆ ಗೊತ್ತಿರಬಹುದು, ನನಗೆ ಗೊತ್ತಿರಲಿಲ್ಲ. ಹಾಡು ಹಾಕಿದರೆ ಪೈಪಿನಿಂದ ದಪ್ಪ ಸದ್ದಿನ ಜೊತೆಗೆ ಕುರಿಹಟ್ಟಿಯ ವಾಸನೆ ಬರತೊಡಗಿತು. ಬಾವಿಯಲ್ಲಿ ಬಿದ್ದ ಟಗರು ಕೂಗಿದಂತಿದೆ ಎಂದು ಅವ್ವ ಹೊಸ ತೀರ್ಪು ಕೊಟ್ಟಳು. ಹೆಂಡತಿಯನ್ನು ಕೇಳಿದರೆ ತನಗೆ ಮೊದಲಿನದೂ ಈಗಿನದೂ ಒಂದೇ ಥರ ಕೇಳುತ್ತದೆ ಎಂದಳು. ನನಗೆ ಮಾತ್ರ ಆ ಸದ್ದು ಅಮೃತ. ಹೆತ್ತವರಿಗೆ ಹೆಗ್ಗಣ ಮುದ್ದು.

ಮೊಳಕಾಲ್ಮುರಿಗೆ ಹೊರಟ ದಿನ ಪೆಟ್ಟಿಗೆ ಸುತ್ತಲು ಅವ್ವ ಮನೆಯ ಹಳೆಯ ಕರಿ ಕಂಬಳಿ ತೆಗೆದುಕೊಟ್ಟಳು. ಅದನ್ನು ಹುಷಾರಾಗಿ ವಾಪಸು ತರಬೇಕೆಂದೂ ಹೇಳಿದಳು. ಆ ಕಂಬಳಿಗೆ ನಮ್ಮ ಕಡೆ ಒಂದು ಗೌರವವಿದೆ. ಹಿರಿಯರು ನ್ಯಾಯ ಹೇಳುವಾಗ ಹಾಸುವುದು ಅದನ್ನೇ. ಕರಿ ಕಂಬಳಿಯ ಮೇಲೆ ಕೂತು ಯಾರೂ ಸುಳ್ಳಾಡುವ ಹಾಗಿಲ್ಲ, ಆಡಿದರೆ ಮನೆತನಕ್ಕೆ ಒಳ್ಳೆಯದಲ್ಲ.

ಬಸ್ಸಿನಲ್ಲಿ ಕಂಬಳಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ದಾರಿಯಲ್ಲಿ ತಳಕು ಎನ್ನುವ ಊರಿನಲ್ಲಿ ಹತ್ತಿದ ಒಬ್ಬ ಅಜ್ಜಿ ಪಕ್ಕದಲ್ಲಿ ಕೂತು, ಮೂಗು ಅರಳಿಸಿ, ಗಂಟನ್ನು ಮೆಲ್ಲಗೆ ತಟ್ಟಿ, ಟಗರುಮರಿಯೋ ಹೆಣ್ಣುಮರಿಯೋ ಎಂದು ವಿಚಾರಿಸಿತು. ಸ್ಪೀಕರು ಎಂದೆ. ಅಜ್ಜಿ ನನ್ನನ್ನು ಕನಿಕರದಿಂದ ನೋಡಿ, ಮರಿಗೆ ಉಸಿರಾಡಲು ಸ್ವಲ್ಪ ಜಾಗ ಬಿಡಪ್ಪ ಎಂದು ಕಂಬಳಿಯ ತುದಿ ಸಡಿಲಿಸಿತು.

ಮಾವ ಗುಂಡಿ ಮಗ್ಗದಲ್ಲಿ ನೇಯುತ್ತಿದ್ದರು. ಕಾಲು ಗುಂಡಿಯೊಳಗೆ, ಕೂರುವುದು ಗುಂಡಿಯ ಅಂಚಿನ ಹಲಗೆಯ ಮೇಲೆ. ನನ್ನನ್ನು ಕಂಡು ಮಗ್ಗ ನಿಲ್ಲಿಸಿದರು. ನೆಲದ ಕಲ್ಲು ಸದ್ದನ್ನು ಎಗರಿಸದಿರಲೆಂದು ನಾನು ಕಂಬಳಿ ಹಾಸಿ, ಮಾವನನ್ನು ಅದರ ಮೇಲೆ ಕೂರಿಸಿ, ಅವರಿಗೆ ಇಷ್ಟವಾದ ಹಳೆಯ ಹಾಡೊಂದನ್ನು ಹಾಕಿದೆ. ಯಾರೂ ಕೆಮ್ಮಬಾರದೆಂದು ಮನೆಮಂದಿಗೆಲ್ಲ ಹೇಳಿದೆ. ಹಾಡು ಮುಗಿಯಿತು. ಹೆಂಗೈತ್ರಿ ಮಾವ ಎಂದೆ.

ಮಾವ ಬಾಯಿ ತೆರೆದವರು ಕೆಳಗೆ ನೋಡಿದರು. ಅಂಗೈಯಿಂದ ಕಂಬಳಿ ಸವರಿದರು. ಇದು ನಿಮ್ಮ ಮನೆಯ ಕರಿ ಕಂಬಳಿಯೇ ಎಂದು ಕೇಳಿದರು. ಹೌದೆಂದೆ. ಅವರು ಏನೋ ನೆನಪಾದವರ ಹಾಗೆ ಮೆಲ್ಲಗೆ ಕುಂಡಿ ಸರಿಸಿ, ಇನ್ನೂ ಸ್ವಲ್ಪ ಸರಿಸಿ, ಬರಿಯ ಕಲ್ಲಿನ ಮೇಲೆ ಸೇರಿಕೊಂಡರು. ಪಂಚೆಯ ಅಂಚು ಕಂಬಳಿಗೆ ತಾಗಿತ್ತು, ಅದನ್ನೂ ಎಳೆದುಕೊಂಡರು.

"ಬಾಳ ಚೆನ್ನಾಗೈತ್ರಿ, ಅಳಿಯಂದಿರೇ."

ಮೊದಲೇ ತೌರಿಗೆ ಬಂದಿದ್ದ ನನ್ನ ಹೆಂಡತಿ ಬಾಗಿಲ ಹಿಂದೆ ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಒಂದು ಸ್ಕ್ರೂ ಸಡಿಲವಾಗಿದೆ ಎಂದು ನೆಪ ಹೇಳಿ ಸ್ಪೀಕರನ್ನು ಹೊತ್ತು ವಾಪಸು ಬಂದೆ. ದಾರಿಯುದ್ದಕ್ಕೂ ಮಾವನ ಮೇಲೆ ಸಿಟ್ಟು ಬಂತು. ಸುಳ್ಳಾದರೂ ನೆಟ್ಟಗೆ ಹೇಳಬಾರದೇ?

ಊರಿಗೆ ಬಂದು ಪೆಟ್ಟಿಗೆಯೊಳಗೆ ಅಡ್ಡಪಟ್ಟಿ ಹೊಡೆದೆ, ಇನ್ನಷ್ಟು ಉಣ್ಣೆ ತುರುಕಿದೆ, ಪೈಪು ಬದಲಿಸಿದೆ. ದಪ್ಪ ಸದ್ದು ಈಗ ಎದೆಗೇ ತಾಗುತ್ತಿತ್ತು. ಮತ್ತೆ ಮೊಳಕಾಲ್ಮುರು, ಮತ್ತೆ ಕಂಬಳಿ, ಮತ್ತೆ ಮಗ್ಗ ನಿಲ್ಲಿಸುವುದು. ಈ ಸಲ ಮಾವ ಬೆನ್ನುನೋವೆಂದು ಹೊಸ್ತಿಲ ಹತ್ತಿರದ ಗೋಡೆಗೆ ಒರಗಿ ಕೂತರು. ನಾನು ನೋಡಿಯೂ ನೋಡದವನಂತೆ ಕಂಬಳಿಯನ್ನು ಹೊಸ್ತಿಲವರೆಗೆ ಎಳೆದೆ. ಅವರು ಎದ್ದು ಜಗಲಿಗೆ ಹೋದರು. ನಾನು ಕಂಬಳಿಯ ಇನ್ನೊಂದು ಮಡಿಕೆ ಬಿಚ್ಚಿದೆ. ಅವರು ಬೀದಿಗಿಳಿದು, ಚಪ್ಪಲಿ ಮೆಟ್ಟಿಕೊಂಡು, ಕಿಟಕಿಯಿಂದ ಬಾಳ ಚೆನ್ನಾಗೈತೆ ಎಂದು ಹೇಳಿದರು.

ನನಗೆ ನಗುವೂ ಬರಲಿಲ್ಲ. ಎಲ್ಲರೂ ಊಟಕ್ಕೆ ಕೂತೆವು. ಅತ್ತೆ ಮಾಡಿದ ಸಾರಿಗೆ ಅವತ್ತು ಉಪ್ಪೇ ಬಿದ್ದಿರಲಿಲ್ಲ. ಅತ್ತೆ ಮಾವ ತಮ್ಮೊಳಗೆ ಮಾತಾಡುವುದು ತೆಲುಗು. ಮಾವ ನನಗೆ ಹೇಳುವ ಬಾಳ ಚೆನ್ನಾಗೈತೆ ಅತ್ತೆಗೆ ಶಾನಾ ಬಾಗುಂದಿ ಆಗುತ್ತದೆ. ಮುದ್ದೆಯನ್ನು ಸಾರಿಗೆ ಅದ್ದಿ ನುಂಗುತ್ತ ಅವರು ಅದನ್ನೂ ಹೇಳಿದರು. ನಾನು ಮನೆಯ ಅಳಿಯ, ನಾನೂ ಉಪ್ಪಿನ ಮಾತೆತ್ತಲಿಲ್ಲ.

ಊಟವಾದ ಮೇಲೆ ಮಾವ ಮಗ್ಗಕ್ಕೆ ಹೋದರು. ಬೆನ್ನುನೋವೆಂದು ಆಗಲೇ ಹೇಳಿದ್ದರಲ್ಲ, ಅದನ್ನು ನಂಬಿದವರು ಮನೆಯಲ್ಲಿ ಅತ್ತೆ ಒಬ್ಬರೇ. ಅತ್ತೆಯೇ ನನ್ನ ಕಂಬಳಿಯನ್ನು ದಪ್ಪಗೆ ಮಡಿಚಿ ಮಗ್ಗದ ಹಲಗೆಯ ಮೇಲೆ ಹಾಕಿದ್ದರು. ಮಾವ ನೋಡದೆ ಕಾಲು ಗುಂಡಿಗಿಳಿಸಿ ಕೂತು ನೇಯತೊಡಗಿದರು. ಸ್ಪೀಕರು ಗೂಡಿನಲ್ಲಿ ಹಾಡುತ್ತಿತ್ತು. ನಾನು ಚಾಪೆಯ ಮೇಲೆ ಉರುಳಿಕೊಂಡವನು ಅವರ ಕೆಳಗಿನ ಕಪ್ಪನ್ನು ಕಂಡು ಎದ್ದು ಕೂತೆ. ಹತ್ತಿರ ಹೋದೆ.

"ಮಾವ, ಹೆಂಗೈತ್ರಿ?"

ಬಾಳ ಎನ್ನುವಷ್ಟರಲ್ಲಿ ಕೈಗೆ ಉಣ್ಣೆ ಚುಚ್ಚಿತೇನೋ, ಮಾವ ಬಗ್ಗಿ ನೋಡಿದರು. ಕಾಲು ಗುಂಡಿಯಲ್ಲಿ, ಕೈಯಲ್ಲಿ ನೂಲಿನ ಲಾಳಿ, ಎದುರಿಗೆ ಯಾರದೋ ಮದುವೆಯ ಅರ್ಧ ಸೀರೆ. ಎಡಕ್ಕೆ ಜರುಗಿದರೆ ಕಂಬಳಿ, ಬಲಕ್ಕೆ ಜರುಗಿದರೂ ಕಂಬಳಿ. ಅವರ ಹಣೆಯ ಮೇಲೆ ಬೆವರು ಕಂಡು ನನಗೆ ಅಯ್ಯೋ ಅನ್ನಿಸಿತು. ಆದರೂ ಕದಲಲಿಲ್ಲ.

"ಏನೂ ಕೇಳಂಗಿಲ್ರಿ, ಅಳಿಯಂದಿರೇ" ಅಂದರು. "ಗುಂ ಅಂತೈತೆ ಅಷ್ಟೇ. ಮಗ್ಗ ನಿಲ್ಸಿ ನಾನ್ಯಾವತ್ತು ರೇಡಿಯೊ ಕೇಳೀನ್ರಿ?"

ನಾನು ಅಲ್ಲೇ ಕುಕ್ಕರಿಸಿದೆ. ಬಂದಾಗಲೆಲ್ಲ ಮಗ್ಗ ನಿಲ್ಲಿಸಿ, ಮನೆಮಂದಿಯ ಕೆಮ್ಮನ್ನೂ ನಿಲ್ಲಿಸಿ ಕೇಳಿಸಿದ್ದೆ. ಅವರು ದಿನವಿಡೀ ಕೇಳುವುದು ಟಕಟಕ ಟಕಟಕ ಎನ್ನುವ ಮಗ್ಗದ ನಡುವೆ. ನಾನು ಪೈಪು ಕೊಯ್ದು ಕೊಯ್ದು ಬೆಳೆಸಿದ ದಪ್ಪ ಸದ್ದನ್ನೆಲ್ಲ ಆ ಮಗ್ಗ ನುಂಗಿ ನೀರು ಕುಡಿದಿತ್ತು. ಅದರ ಮೇಲೆ ಎದ್ದು ಕೇಳಿಸಬೇಕಾದರೆ ಗಂಟಲು ಹರಿಯುವ ಹಾಗೆ ಕೂಗುವ ಸದ್ದೇ ಬೇಕು. ಅಂಥ ಸದ್ದು ನನ್ನ ಪೆಟ್ಟಿಗೆಗೆ ಮೊದಲ ದಿನವೇ ಇತ್ತು.

ಪೆಟ್ಟಿಗೆಯನ್ನು ಜಗಲಿಗೆ ತಂದು ಬಿಚ್ಚಿದೆ. ಉಣ್ಣೆಯನ್ನೆಲ್ಲ ಕಿತ್ತು ಹೊರಗೆ ಹಾಕಿದೆ. ಬೀದಿನಾಯಿಗಳು ಬಂದು ಅದರ ಸುತ್ತ ನಿಂತು, ಒಳಗಿನ ಕುರಿ ಎಲ್ಲಿ ಎಂಬಂತೆ ನನ್ನ ಮುಖ ನೋಡಿದವು. ಪೈಪಿನ ಬಾಯಿಗೆ ಮಾವನ ಹಳೆಯ ಟವೆಲ್ ತುರುಕಿದೆ. ಮತ್ತೆ ಗೂಡಿನಲ್ಲಿಟ್ಟು ಹಾಡು ಹಾಕಿದೆ. ಮಾವನಿಗೆ ಮಗ್ಗ ನಿಲ್ಲಿಸಬೇಡಿ ಎಂದೆ.

ಟಕಟಕದ ನಡುವಿನಿಂದ ಹಾಡು ಒಂದೊಂದು ಅಕ್ಷರವೂ ಬಿಡದೆ ಎದ್ದು ಬಂತು. ಮಾವನ ತಲೆ ಸಣ್ಣಗೆ ಆಡತೊಡಗಿತು. ಲಾಳಿ ಹಾಡಿನ ತಾಳಕ್ಕೆ ಬಿದ್ದಿತು. ನಾನು ಬಗ್ಗಿ ನೋಡಿದೆ, ಕೆಳಗೆ ಕಂಬಳಿ ಹಾಗೇ ಇತ್ತು. ಈ ಸಲ ನಾನು ಏನೂ ಕೇಳಲಿಲ್ಲ.

"ಈಗ ಕೇಳ್ತೈತೆ" ಅಂದರು ಮಾವ.

ಬಾಳ ಎನ್ನಲಿಲ್ಲ, ಚೆನ್ನಾಗೈತೆ ಎನ್ನಲಿಲ್ಲ, ಅಳಿಯಂದಿರೇ ಎಂದೂ ಅನ್ನಲಿಲ್ಲ. ಆ ಮನೆಯಲ್ಲಿ ಮದುವೆಯಾದಾಗಿನಿಂದ ತಿಂದ ಹೋಳಿಗೆ, ಕೇಳಿದ ಹೊಗಳಿಕೆ ಎಲ್ಲವೂ ಸೇರಿ ಕೊಡದಷ್ಟು ಸಂತೋಷ ಆ ಒಂದು ಮಾತು ಕೊಟ್ಟಿತು. ಹೋಗಿ ಅವರ ಕಾಲು ಹಿಡಿಯಬೇಕೆನಿಸಿತು. ಕಾಲು ಗುಂಡಿಯಲ್ಲಿದ್ದವು.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು, ಕಂಬಳಿಯನ್ನೂ ಗಂಡನನ್ನೂ ಒಂದೊಂದು ಸಲ ನೋಡುತ್ತಿದ್ದರು. ಆಮೇಲೆ ಕೈ ಒರೆಸಿಕೊಂಡು ಮುಂದೆ ಬಂದು, ಇವತ್ತಿನ ಸಾರು ಹೇಗಿತ್ತು ಎಂದು ತೆಲುಗಿನಲ್ಲಿ ಕೇಳಿದರು.

ಮಗ್ಗ ನಿಂತಿತು. ಆ ನಿಶ್ಶಬ್ದದಲ್ಲಿ ನನ್ನ ಸ್ಪೀಕರು ಒಂದೇ ಕಿರುಚುತ್ತಿತ್ತು. ಅವ್ವ ಹೇಳಿದ್ದು ನಿಜ, ತಗಡಿನ ಡಬ್ಬದೊಳಗೆ ಕೂತು ಯಾರೋ ಕೂಗಿದಂತೆಯೇ ಇತ್ತು. ಮಾವ ಲಾಳಿಯನ್ನು ಸೀರೆಯ ಮೇಲೆ ಮೆಲ್ಲಗಿಟ್ಟು, ಎರಡೂ ಕೈ ಊರಿ, ಒಂದೊಂದೇ ಕಾಲನ್ನು ಗುಂಡಿಯಿಂದ ಮೇಲಕ್ಕೆಳೆದುಕೊಂಡು, ಹಲಗೆಯಿಂದ ದೂರ ಸರಿದು, ಬರಿಯ ಕಲ್ಲಿನ ಮೇಲೆ ನಿಂತರು.

"ಶಾನಾ ಬಾಗುಂದಿ" ಅಂದರು.