ಸುಮ್ಮನೆ ತೆರೆದುಕೊಂಡ ಫೈಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುದ್ರಣಾಲಯದ ಹಿಂಬದಿಯ ಕೋಣೆಯಲ್ಲಿ ಎಲ್ಲರೂ ಅನುಮಾನದಕ್ಕ ಎಂದೇ ಕರೆಯುವ ಅಕ್ಕ ಆಗಲೇ ಕಂಪ್ಯೂಟರಿನ ಮುಂದೆ ಕಾಲು ಮಡಚಿ ಕುಳಿತಿದ್ದಾರೆ. ತೆರೆಯ ಮೇಲೆ ಮಕ್ಕಳ ಕೆಮ್ಮಿನ ಸಿರಪ್ಪಿನ ಹೊಸ ಲೇಬಲ್ಲು. ಫೈಲು ಯಾವ ತಕರಾರೂ ಇಲ್ಲದೆ ತೆರೆದುಕೊಂಡಿದೆ. ಅಕ್ಕನಿಗೆ ಅದೇ ಸರಿಬಂದಿಲ್ಲ.

"ಇದಕ್ಕೆ ಇಷ್ಟು ಒಳ್ಳೇ ಬುದ್ಧಿ ಯಾವಾಗ ಬಂತು?" ಎಂದು ಕಣ್ಣು ಕಿರಿದು ಮಾಡುತ್ತಾರೆ.

ವಿನ್ಯಾಸ ಮಾಡುವವರು ಎಲ್ಲೋ ಕುಳಿತು ಫೈಲು ಕಳಿಸುತ್ತಾರೆ. ಅವರು ಬಳಸಿದ ಫಾಂಟು, ಅಂದರೆ ಅಕ್ಷರಗಳ ಅಚ್ಚು, ಇಲ್ಲಿನ ಕಂಪ್ಯೂಟರಿನಲ್ಲೂ ಇರಬೇಕು. ಇಲ್ಲದಿದ್ದರೆ ಕಂಪ್ಯೂಟರು ತನಗೆ ತೋಚಿದ್ದನ್ನು ತಂದು ಕೂರಿಸುತ್ತದೆ. ಅಕ್ಷರಗಳು ಖಾಲಿ ಚೌಕಗಳಾಗುತ್ತವೆ, ಒತ್ತು ಕಳಚಿ ಪಕ್ಕಕ್ಕೆ ಬೀಳುತ್ತದೆ, ಸಾಲಿನ ಮೇಲೆ ಸಾಲು ಹತ್ತುತ್ತದೆ. ದಿನಕ್ಕೆ ಮೂವತ್ತು ನಲವತ್ತು ಫೈಲುಗಳಲ್ಲಿ ಇಂಥದ್ದನ್ನು ಕಾಳಿನಲ್ಲಿ ಕಲ್ಲು ಆರಿಸಿದಂತೆ ಆರಿಸುವುದು ಅಕ್ಕನ ಕೆಲಸ.

ಅಕ್ಕ ಇಲ್ಲಿ ಟೈಪಿಂಗಿಗೆಂದು ಸೇರಿದಾಗ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಈಗ ಮಗಳು ಕಾಲೇಜಿಗೆ ಹೋಗುತ್ತಾಳೆ, ಅಕ್ಕನ ಕತ್ತು ಎಡಕ್ಕೆ ಪೂರ್ತಿ ತಿರುಗುವುದಿಲ್ಲ. ಮನೆಯಲ್ಲಿ ಅತ್ತೆಗೆ ಸೊಸೆಯೆಂದರೆ ಹೆಮ್ಮೆಯೂ ಹೌದು, ತಮಾಷೆಯೂ ಹೌದು. "ನಮ್ಮ ಸೊಸೆ ಕುದಿಯೋ ನೀರನ್ನೂ ಮುಟ್ಟಿ ನೋಡೇ ನಂಬೋದು" ಎನ್ನುತ್ತಾರೆ ಆಕೆ.

ಮುದ್ರಣ ಯಂತ್ರ ಬಿಸಿಯಾಗಿ ಕಾಯುತ್ತಿದೆ. ಯಜಮಾನರು ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. "ಅಕ್ಕಾ, ಲೇಬಲ್ಲು ಒಯ್ಯೋಕೆ ಸಿರಪ್ ಕಂಪನಿ ಗಾಡಿ ಇನ್ನೇನು ಬರುತ್ತೆ. ಫೈಲು ಚೆನ್ನಾಗೇ ತೆರೀತಲ್ಲ, ಬಿಟ್ಬಿಡಿ."

"ಫಾಂಟು ಕಾಣೆಯಾಗಿದ್ರೆ ಕಂಪ್ಯೂಟರು ಹೇಳುತ್ತೆ ಸರ್. ಬೇರೆ ಫಾಂಟು ಅದರ ವೇಷ ಹಾಕ್ಕೊಂಡು ಬಂದಿದ್ರೆ ಬಾಯಿ ಬಿಡಲ್ಲ. ಸ್ವಲ್ಪ ತಡೀರಿ."

"ಗಾಡಿ ಖಾಲಿ ಹೋದ್ರೆ ಮುಂದಿನ ಕೆಲಸಾನೂ ಅದರ ಹಿಂದೇನೇ ಹೋಗುತ್ತೆ."

"ಹೋಗ್ಲಿ ಅಂತಿಲ್ಲ. ತಡೀರಿ ಅಂತಿದ್ದೀನಿ."

ಅಕ್ಕ ವಿನ್ಯಾಸಕಾರನನ್ನು ಫೋನಿನಲ್ಲಿ ಎಬ್ಬಿಸುತ್ತಾರೆ. "ನನ್ನ ಕಂಪ್ಯೂಟರಲ್ಲಿ ಸರಿಯಾಗೇ ಇದೆ ಅಕ್ಕ" ಎನ್ನುತ್ತಾನೆ ಅವನು, ಆಕಳಿಸುತ್ತಾ.

"ನಿನ್ನ ಕಂಪ್ಯೂಟರನ್ನ ಬಾಟ್ಲಿಗೆ ಅಂಟಿಸೋಕಾಗುತ್ತೇನಪ್ಪಾ? ಅಲ್ಲಿ ಕಾಣೋದರ ಒಂದು ಚಿತ್ರ ಕಳ್ಸು."

ಚಿತ್ರ ಬರುತ್ತದೆ. ಅಕ್ಕ ಅದನ್ನೂ ತಮ್ಮ ತೆರೆಯ ಮೇಲಿನದನ್ನೂ ಕಾಗದಕ್ಕೆ ತೆಗೆದು, ಎರಡನ್ನೂ ತಲೆಕೆಳಗು ಮಾಡಿ ಪಕ್ಕಪಕ್ಕ ಇಡುತ್ತಾರೆ. ನೆಟ್ಟಗಿಟ್ಟರೆ ಕಣ್ಣು ಓದಲು ಹೋಗುತ್ತದೆ, ಇಲ್ಲದ್ದನ್ನೂ ತಾನೇ ತುಂಬಿಕೊಳ್ಳುತ್ತದೆ. ತಲೆಕೆಳಗಾದರೆ ಆಕಾರವಷ್ಟೇ ಉಳಿಯುತ್ತದೆ.

ಆಕಾರ ಹೊಂದುತ್ತಿಲ್ಲ. ಇಲ್ಲಿನ ಅಕ್ಷರ ಕೂದಲೆಳೆಯಷ್ಟು ದಪ್ಪ. ಹಿಂದೊಮ್ಮೆ ಯಾವುದೋ ಆಮಂತ್ರಣ ಪತ್ರಿಕೆಗೆಂದು ಹಾಕಿಕೊಂಡ ಅದೇ ಹೆಸರಿನ ಬೇರೆ ಫಾಂಟು ಈ ಕಂಪ್ಯೂಟರಿನಲ್ಲಿ ಉಳಿದುಬಿಟ್ಟಿದೆ. ಫೈಲು ಹೆಸರು ಕೂಗಿದಾಗ ಅದೇ ಎದ್ದು ಬಂದಿದೆ. ಮೈ ದಪ್ಪವಾದ್ದರಿಂದ ಸಾಲುಗಳು ಕೆಳಕ್ಕೆ ಜರುಗಿ, ಕೊನೆಯ ಸಾಲು ಚೌಕಟ್ಟಿನಲ್ಲಿ ಜಾಗ ಸಾಲದೆ ಮರೆಯಾಗಿದೆ. ವಿನ್ಯಾಸಕಾರನ ಚಿತ್ರದಲ್ಲಿ ಆ ಸಾಲು ಇದೆ: ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು.

ಯಜಮಾನರು ಎರಡೂ ಕಾಗದ ಕೈಗೆ ತೆಗೆದುಕೊಂಡು ನೋಡುತ್ತಾರೆ. ಅವರ ಮನೆಯಲ್ಲೂ ಪುಟ್ಟ ಮೊಮ್ಮಗುವಿದೆ. "ಗಾಡಿಯವನಿಗೆ ಕಾಯೋಕೆ ಹೇಳ್ತೀನಿ" ಎಂದಷ್ಟೇ ಹೇಳಿ ಹೊರಗೆ ಹೋಗುತ್ತಾರೆ.

ವಿನ್ಯಾಸಕಾರ ಅಸಲಿ ಫಾಂಟು ಕಳಿಸುತ್ತಾನೆ. ಅಕ್ಕ ವೇಷಧಾರಿಯನ್ನು ಕಿತ್ತುಹಾಕಿ ಇದನ್ನು ಕೂರಿಸುತ್ತಾರೆ. ಸಾಲುಗಳು ಮೇಲಕ್ಕೆ ಸರಿದು ಕೊನೆಯದಕ್ಕೆ ಜಾಗ ಬಿಡುತ್ತವೆ. ಯಂತ್ರ ಓಡತೊಡಗುತ್ತದೆ. ಹೊರಗೆ ಗಾಡಿಯವನು ಹಾರ್ನ್ ಒತ್ತುತ್ತಲೇ ಇದ್ದಾನೆ. ಅಕ್ಕನಿಗೆ ಇನ್ನೂ ನಂಬಿಕೆಯಿಲ್ಲ. ಯಂತ್ರದ ಬಾಯಿಂದ ಬಂದ ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ.

"ಮಗು ಕೆಮ್ಮುವಾಗ ಯಾವ ತಾಯಿಯಾದ್ರೂ ಬಾಟ್ಲಿ ತಿರುಗಿಸಿ ಓದೇ ಓದ್ತಾಳೆ" ಎನ್ನುತ್ತಾರೆ, ಹಾಳೆಯ ಮೇಲಿಂದ ಕಣ್ಣು ತೆಗೆಯದೆ. "ಅವಳು ಓದೋಕೆ ಹೋದಾಗ ಸಾಲು ಅಲ್ಲಿರಬೇಕು. ನಂಗೆ ಅಷ್ಟು ಸಾಕು."