ಐದು ಕಿಲೋವ್ಯಾಟಿನ ಮದುವೆ

ಉಚಿತ ವಿದ್ಯುತ್ ಯೋಜನೆ ಬರುವುದಕ್ಕೆ ಒಂದೆರಡು ವರ್ಷ ಮುಂಚೆ ನಾನು ಬೈಲಹೊಂಗಲದಲ್ಲಿ ವಿದ್ಯುತ್ ಶಾಖಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಒಂದು ಬೆಳಿಗ್ಗೆ ಸಂಗೊಳ್ಳಿಯ ಗಂಗವ್ವ ಬಿಲ್ಲುಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು.

“ನಮ್ಮ ನೆಗೆಣ್ಣಿ ನನ್ನ ಕರೆಂಟ್ ಕದಿಯಾಕ ಹತ್ಯಾಳ್ರೀ ಸಾಹೇಬ್ರ. ಬಂದು ಹಿಡೀರಿ.”

ಗಂಡ ತೀರಿಕೊಂಡ ಮೇಲೆ ಬಿಲ್ಲು ಕಟ್ಟುವ ಹೊಣೆ ಅವರಿಗೆ ಬಂದಿತ್ತು. ಎರಡು ಬಲ್ಬು, ಒಂದು ಫ್ಯಾನಿಗೆ ಇಷ್ಟೇಕೆ ಎಂಬ ಸಂಶಯ ಗೋಡೆಯಾಚೆಗಿದ್ದ ಮೈದುನನ ಹೆಂಡತಿ ಶಾಂತವ್ವನ ಮೇಲೆ ತಿರುಗಿತ್ತು. ಪ್ರತಿ ಬೇಸಿಗೆ ಒಂದೇ ಮಣೆಯ ಮೇಲೆ ಶಾವಿಗೆ ಹೊಸೆದವರು ಎರಡು ವರ್ಷದಿಂದ ಮಾತು ಬಿಟ್ಟಿದ್ದರು.

ಅಂದೇ ಹೋದೆ. ಗಂಗವ್ವನ ಸ್ವಿಚ್ಚುಗಳನ್ನೆಲ್ಲ ಆರಿಸಿದೆ. ಶಾಂತವ್ವನ ಮನೆಯಲ್ಲಿ ಮಿಕ್ಸರ್ ಗರಗರ ಎನ್ನುತ್ತಿತ್ತು. ಇತ್ತ ಗಂಗವ್ವನ ಮೀಟರಿನಲ್ಲಿ ಕರೆಂಟ್ ಹರಿದರೆ ಮಿಣುಕುವ ಕೆಂಪು ದೀಪ ಮಿಣುಕಲೇ ಇಲ್ಲ. ಕಳ್ಳತನವಿಲ್ಲ ಎಂದಾಯಿತು.

ಕಟ್ಟೆಯ ಮೇಲೆ ಕೂತು ಬಿಲ್ಲು ಓದಿದೆ. ಬಳಸಿದ್ದು ಹದಿನೆಂಟು ಯೂನಿಟ್. ವಿದ್ಯುತ್ ಶುಲ್ಕ, ಇಂಧನ ಹೊಂದಾಣಿಕೆ ಶುಲ್ಕ, ತೆರಿಗೆ, ಇವೆಲ್ಲ ಬಳಕೆಯ ಜೊತೆ ಏರಿಳಿಯುತ್ತವೆ. ನಿಗದಿತ ಶುಲ್ಕ ಹಾಗಲ್ಲ. ಮನೆಗೆ ಮಂಜೂರಾದ ಲೋಡ್, ಅಂದರೆ ಒಮ್ಮೆಗೆ ಎಳೆಯಬಹುದಾದ ವಿದ್ಯುತ್ತಿನ ಮಿತಿ, ಎಷ್ಟು ಕಿಲೋವ್ಯಾಟೋ ಅದರ ಮೇಲೆ, ದೀಪ ಹಚ್ಚದಿದ್ದರೂ ಬರುತ್ತದೆ. ಗಂಗವ್ವನ ಲೋಡ್ ಐದು ಕಿಲೋವ್ಯಾಟ್! ಅವರಿಗೆ ಒಂದು ಸಾಕಿತ್ತು.

ಕಚೇರಿಗೆ ಬಂದು ಹಳೆಯ ಫೈಲು ತೆಗೆಸಿದೆ. ಲೋಡ್ ಏರಿಸಿದ ಅರ್ಜಿಯ ಕೆಳಗಿದ್ದದ್ದು ನನ್ನದೇ ಸಹಿ. ಎಲ್ಲ ನೆನಪಾಯಿತು. ಎಷ್ಟೋ ವರ್ಷಗಳ ಹಿಂದೆ ನಾನು ಇದೇ ಕಚೇರಿಯಲ್ಲಿ ಕಿರಿಯ ಇಂಜಿನಿಯರ್ ಆಗಿದ್ದೆ. ಗಂಗವ್ವನ ಮಗಳ ಮದುವೆ ಮನೆ ಮುಂದೆಯೇ. ಹಂದರದ ದೀಪಗಳಿಗೆ ತಾತ್ಕಾಲಿಕ ಸಂಪರ್ಕ ಕೊಡಬೇಕಿತ್ತು. ಬೇರೆ ಮೀಟರ್, ಬೇರೆ ಓಡಾಟ ಯಾಕೆಂದು ಲೋಡನ್ನೇ ಏರಿಸಿ, ಆಮೇಲೆ ಇಳಿಸುತ್ತೇನೆ ಎಂದು ಅವರ ಗಂಡನಿಗೆ ಹೇಳಿದ್ದೆ. ಹೋಳಿಗೆ ಊಟ ಮಾಡಿ ಬಂದೆ. ಎಂಥ ಸಂಭ್ರಮದ ದಿನವದು! ಬೆನ್ನಿಗೇ ರಾಮದುರ್ಗಕ್ಕೆ ವರ್ಗವಾಯಿತು, ಮರೆತುಬಿಟ್ಟೆ.

ಮರುದಿನ ಲೋಡ್ ಇಳಿಸುವ ಅರ್ಜಿ ಹಿಡಿದು ಹೋಗಿ ತಪ್ಪು ಒಪ್ಪಿಕೊಂಡೆ. ಗಂಗವ್ವ ಗೋಡೆಯಾಚೆಯ ಮನೆಯತ್ತ ಕೈ ತೋರಿಸಿದರು.

“ನನಗ ಹೇಳಿದ್ದನ್ನ ಆಕಿಗೂ ಹೇಳ್ರಿ. ನನಗ ಬಾಯಿ ಇಲ್ಲ.”

ಪಕ್ಕದ ಬಾಗಿಲಿಗೆ ಹೋಗಿ ಹೇಳಿದೆ. ಶಾಂತವ್ವ ಕೈಯೊರೆಸಿಕೊಳ್ಳುತ್ತ ಕೇಳಿಸಿಕೊಂಡರು, ಬೈಯಲಿಲ್ಲ.

“ಲೋಡ್ ಇಳಸ್ತೀರಿ, ಖರೆ. ಊರ ಮಂದಿ ಮುಂದ ಕಳ್ಳಿ ಅನಿಸ್ಕೊಂಡೇನಿ, ಅದನ್ನ ಯಾರು ಇಳಸ್ತಾರ್ರೀ?”

ನನ್ನ ಹಿಂದೆ ಬಂದು ನಿಂತಿದ್ದ ಗಂಗವ್ವ ಅಳತೊಡಗಿದರು. ಶಾಂತವ್ವ ನನ್ನನ್ನು ದಾಟಿ ಬಂದು ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ನನ್ನನ್ನು ಯಾರೂ ಕರೆಯಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ.

ಉಳಿದ ಎಂಟು ತಿಂಗಳು, ಬಿಲ್ಲು ಹಿಡಿದು ಬಂದವರಿಗೆ ಕುರ್ಚಿ ಕೊಟ್ಟು ಸಾಲು ಸಾಲಾಗಿ ಓದಿ ಹೇಳಿದೆ. ಆ ಕೆಲಸವನ್ನು ಮೂವತ್ತು ವರ್ಷ ಮೊದಲೇ ಶುರುಮಾಡಬೇಕಿತ್ತು.