ಕರ್ಪೂರ ಆರಿಸಿದ ಅಂಗೈ

ಹೋದ ಭಾನುವಾರ ಮಗಳಿಗಾಗಿ ಮೆಣಸಿನ ಸಾರು ಮಾಡುತ್ತಿದ್ದೆ. ಬೆಳ್ಳುಳ್ಳಿಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು, ಕುಟ್ಟಿದ ಮೆಣಸು ಜೀರಿಗೆ ಹಾಕಿದ್ದೇ ತಡ, ಅಡುಗೆಮನೆ ತುಂಬ ಘಾಟು ಎದ್ದಿತು. ಕೆಮ್ಮು ಬಂತು, ಕಣ್ಣಲ್ಲಿ ನೀರೂ ಬಂತು. ಘಾಟಿಗೆ ಬಂದದ್ದು ಎಂದುಕೊಂಡೆ. ಅಲ್ಲ... ಎದುರು ಮನೆಯ ಅಕ್ಕ ನೆನಪಾಗಿದ್ದಳು. ನಮ್ಮ ಕಡೆ ಬಾಣಂತಿಯರಿಗೆ ಕೊಡುವ ಈ ಸಾರನ್ನು ಅವಳಷ್ಟು ಚೆನ್ನಾಗಿ ಮಾಡಿದವರನ್ನು ನಾನು ನೋಡಿಲ್ಲ. ಅವಳು ಬದುಕಿದ್ದಾಗ ಈ ಮಾತನ್ನು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮದುವೆಯಾಗಿ ಮೇಲೂರಿನ ಹತ್ತಿರದ ಈ ಹಳ್ಳಿಗೆ ಬಂದ ದಿನದಿಂದಲೂ ಅದು ಇತ್ತು. ಅವಳ ಗಂಡ ಅವಳನ್ನು "ಬಾರಮ್ಮ, ಕೂತ್ಕೋ" ಎಂದು ಕರೆಯುತ್ತಿದ್ದ. ನನ್ನವರಿಗೆ ನಾನು "ಏಯ್". ನನ್ನ ಅತ್ತೆ ನನಗೆ ಒಂದು ಒಳ್ಳೆಯ ಮಾತು ಆಡಿದವರಲ್ಲ, ಅವಳನ್ನು ಮಾತ್ರ ಜಗಲಿಗೆ ಕರೆದು ಕೂರಿಸಿಕೊಂಡು ಎಲೆ ಅಡಿಕೆ ಕೊಡುತ್ತಿದ್ದರು. ನನ್ನ ದೊಡ್ಡ ಮಗಳು ಶಾಲೆಯಿಂದ ಬಂದರೆ ಚೀಲ ಎಸೆಯುತ್ತಿದ್ದುದು ಅವಳ ಮನೆಯಲ್ಲಿ. ರೇಷನ್ ಕಾರ್ಡಿಗೆ, ಬ್ಯಾಂಕಿಗೆ, ಆಸ್ಪತ್ರೆಗೆ ಊರಿನ ಹೆಂಗಸರೆಲ್ಲ ಅವಳ ಹಿಂದೆಯೇ. ಎಲ್ಲರನ್ನೂ ತೆಲುಗಿನಲ್ಲಿ "ತಲ್ಲೀ", ಅಂದರೆ ತಾಯೀ, ಎನ್ನುವಳು. ನನ್ನನ್ನೂ ಹಾಗೆಯೇ ಕರೆಯುತ್ತಿದ್ದಳು. ಎಲ್ಲರಿಗೂ ಕೊಡುವುದನ್ನೇ ನನಗೂ ಕೊಡುತ್ತಾಳಲ್ಲ ಎಂದು ಅದಕ್ಕೂ ಸಂಕಟಪಡುತ್ತಿದ್ದೆ.

ಇಷ್ಟಿದ್ದೂ ನನಗೆ ಕಷ್ಟ ಬಂದಾಗ ಹೋದದ್ದು ಅವಳ ಹತ್ತಿರವೇ. ಎರಡನೆಯ ಮಗಳಿಗೆ ಇನ್ನೂ ಹಾಲು ಬಿಡಿಸಿರಲಿಲ್ಲ, ಆಗಲೇ ಮೂರನೆಯದು ನಿಂತಿತ್ತು. ಎರಡನೆಯ ಹೆರಿಗೆಯಲ್ಲಿ ರಕ್ತ ಹೋಗಿ ಸತ್ತು ಬದುಕಿದ್ದೆ. ಮನೆಯಲ್ಲಿ ತಿಳಿದರೆ ಇದು ಗಂಡೇ ಎಂದು ಹರಕೆ ಹೊತ್ತು ಕೂರುತ್ತಾರೆ, ನಿನಗೆ ಆಗುತ್ತದೆಯೇ ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದ ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತು, "ನನಗೆ ಬೇಡ ಅಕ್ಕ, ನನ್ನ ಕೈಲಾಗಲ್ಲ" ಎಂದೆ. ಅವಳು ಪಾಪ ಪುಣ್ಯದ ಮಾತೆತ್ತಲಿಲ್ಲ. "ನಿಮ್ಮನೆ ಹುಳ ಎಷ್ಟನೇ ಜ್ವರದಲ್ಲವೆ?" ಎಂದು ಕೇಳಿದಳು.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ ಸುಮ್ಮನೆ ಮಲಗುವುದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಮನೆಮಂದಿ ಯಾರಿಗೂ ಸೊಂಟ ನೆಟ್ಟಗೆ ಮಾಡಲು ಪುರುಸೊತ್ತಿರುವುದಿಲ್ಲ. ಆದರೆ ಮುಟ್ಟಾದವಳನ್ನು ಮಾತ್ರ ಹುಳು ಮನೆಯ ಹೊಸ್ತಿಲು ತುಳಿಯಲು ಬಿಡುವುದಿಲ್ಲ. ಅಕ್ಕ ಅದನ್ನೇ ಯೋಚಿಸಿದ್ದಳು. ಹುಳು ನಾಲ್ಕನೆಯ ಜ್ವರಕ್ಕೆ ಮಲಗಿದ ದಿನ, ಕಣ್ಣು ತೋರಿಸುವ ನೆಪ ಹೇಳಿ ನನ್ನನ್ನು ಬಸ್ಸಿನಲ್ಲಿ ಚಿಂತಾಮಣಿಗೆ ಕರೆದೊಯ್ದಳು. ಡಾಕ್ಟರಮ್ಮನ ಕೋಣೆಯ ಹೊರಗೆ ನನ್ನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ವಾಪಸು ಬಂದು ಅತ್ತೆಗೆ "ಹೊರಗಾಗಿದ್ದೀನಿ" ಎಂದೆ. ಮನೆಯವರೆಲ್ಲ ಸೊಪ್ಪು ಹೊರುತ್ತಿದ್ದರೆ ನಾನು ಹಿಂದಿನ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದೆ.

ಆ ನಾಲ್ಕು ದಿನವೂ ಮಧ್ಯಾಹ್ನ ಸೆರಗಿನ ಮರೆಯಲ್ಲಿ ಸ್ಟೀಲ್ ಡಬ್ಬಿ ಹಿಡಿದು ಬರುತ್ತಿದ್ದಳು. "ಮಗು ಇಲ್ದಿದ್ರೂ ಮೈ ಬಾಣಂತೀದೇ ಕಣಮ್ಮ, ಕುಡಿ" ಎನ್ನುತ್ತಿದ್ದಳು. ಮುಚ್ಚಳ ತೆಗೆದರೆ ಇದೇ ವಾಸನೆ. ಒಂದು ದಿನ ಅತ್ತೆ ಮೂಗರಳಿಸಿಕೊಂಡು ಬಂದು, "ಯಾರ ಮನೇಲಮ್ಮ ಬಾಣಂತಿ?" ಎಂದರು. "ನನಗೇ ನೆಗಡಿ ದೊಡ್ಡಮ್ಮ, ಮಾಡ್ಕೊಂಡಿದ್ದೆ" ಎಂದು ಅಕ್ಕ ಎರಡು ಸಲ ಸೀನಿಯೂ ತೋರಿಸಿದಳು. ನನಗೆ ನಗು ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡೆ. ಅವಳ ಸಾರು ಕುಡಿಯುತ್ತಲೇ, ಸುಳ್ಳನ್ನೂ ಎಷ್ಟು ಚಂದ ಹೇಳುತ್ತಾಳಪ್ಪ ಎಂದು ಕರುಬುತ್ತಿದ್ದೆ. ಇಂಥ ಬುದ್ಧಿ ನನ್ನದು.

ಮೂರ್ನಾಲ್ಕು ವರ್ಷ ಕಳೆದ ಮೇಲೆ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ನಮ್ಮ ಸೀಟು ಹೆಂಗಸರಿಗೆ ಎಂದಾಯಿತು. ಊರಿನ ಹೆಂಗಸರೇ ಅಕ್ಕನ ಕೈ ಹಿಡಿದು ಎಳೆದು ನಿಲ್ಲಿಸಿದರು. ನನ್ನನ್ನು ನಿಲ್ಲಿಸಿದ್ದು ನನ್ನವರ ಕಡೆಯವರು. ನಾನು ಬೇಡ ಎನ್ನಲಿಲ್ಲ. ಅವಳ ಎದುರು ಒಂದು ಸಲವಾದರೂ ಗೆಲ್ಲಬೇಕೆಂದು ನನಗೆ ಆಸೆಯಿತ್ತು. ಆದರೆ ಪ್ರಚಾರಕ್ಕೆ ಹೋದಲ್ಲೆಲ್ಲ ಹೆಂಗಸರು ನನಗೆ ಅರಿಶಿನ ಕುಂಕುಮ ಕೊಟ್ಟು ಅವಳ ಗುಣ ಹೊಗಳುತ್ತಿದ್ದರು. ಮೈ ಉರಿದು ಹೋಗುತ್ತಿತ್ತು. ಒಂದು ಬೆಳಗ್ಗೆ ನಮ್ಮ ಕಡೆಯ ಹಿರಿಯರೊಬ್ಬರು, "ಅವಳ ಮೇಲೆ ಹೇಳೋಕೆ ಏನಾದ್ರೂ ಇದೆಯೇನಮ್ಮ? ಎದುರು ಮನೆಯೋಳು ನೀನು" ಎಂದು ಕೇಳಿದರು.

ನಾನು ಸುಮ್ಮನಿರಬಹುದಿತ್ತು... "ಹೆಂಗಸರನ್ನ ಚಿಂತಾಮಣಿಗೆ ಕರ್ಕೊಂಡು ಹೋಗಿ ಬಸಿರು ತೆಗೆಸ್ತಾಳೆ" ಎಂದುಬಿಟ್ಟೆ. ನಿನಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಅಂದಿನಿಂದ ನಮ್ಮ ಚುನಾವಣೆಗೆ ಅದೊಂದೇ ಮಾತು. ಆ ಹಿರಿಯರು ಮೈಕು ಹಿಡಿದು ಭ್ರೂಣಹತ್ಯೆ ಮಹಾಪಾಪ ಎಂದು ಭಾಷಣ ಮಾಡಿದರು. ನಾನು ಮನೆ ಮನೆಗೆ ಹೋಗಿ, "ಹುಟ್ಟದೇ ಇರೋ ಕೂಸಿಗೆ ಕರುಣೆ ಇಲ್ದೋಳು ನಿಮಗೇನು ಮಾಡ್ತಾಳೆ?" ಎಂದೆ. ಹೇಳುವಾಗ ನನ್ನ ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ.

ಕಡೆಗೆ ನಮ್ಮವರು ಅವಳನ್ನು ಆಣೆಗೆ ಕರೆದರು. ಗಂಗಮ್ಮನ ಗುಡಿಯಲ್ಲಿ ತಟ್ಟೆಯ ಮೇಲೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಮಾತು ಹೇಳುವುದು ನಮ್ಮ ಕಡೆಯ ರೂಢಿ. ಆಮೇಲೆ ಆ ವಿಷಯವನ್ನು ಯಾರೂ ಎತ್ತುವಂತಿಲ್ಲ. ಊರೆಲ್ಲ ಸೇರಿತ್ತು. ಯಾರನ್ನೂ ಕರೆದುಕೊಂಡು ಹೋಗಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಅವಳು ಗೆದ್ದಂತೆಯೇ. ನೆಗಡಿ ಎಂದು ಸೀನಿ ತೋರಿಸಿದವಳಿಗೆ ಅದೇನು ಕಷ್ಟ ಎಂದು ನಾನು ಕಾಯುತ್ತಿದ್ದೆ.

"ಹೋಗಿದ್ದೀನಿ," ಎಂದಳು ಅಕ್ಕ. "ಕಷ್ಟ ಅಂತ ಬಂದೋರ ಜೊತೆ ಹೋಗಿದ್ದೀನಿ. ಯಾರು ಅಂತ ಮಾತ್ರ ಕೇಳ್ಬೇಡಿ."

ಸೆರಗು ಎಳೆದುಕೊಂಡು ತಲೆ ತಗ್ಗಿಸಿದವಳು ನಾನೊಬ್ಬಳೇ ಅಲ್ಲ. ಮೈಕು ಹಿಡಿದ ಹಿರಿಯರ ಸೊಸೆಯೂ ಕಂಬದ ಮರೆಗೆ ಸರಿದಳು. ಅಷ್ಟರಲ್ಲಿ ಅಕ್ಕನ ಮೈದುನ ಮುಂದೆ ಬಂದು, "ಹಂಗಾದ್ರೆ ಈಯಮ್ಮನೂ ಆಣೆ ಮಾಡ್ಲಿ, ತಾನು ಯಾವತ್ತೂ ಹೋಗಿಲ್ಲ ಅಂತ" ಎಂದು ನನ್ನ ಕಡೆ ಕೈ ತೋರಿಸಿದ. ಅವನಿಗೆ ಏನೂ ಗೊತ್ತಿರಲಿಲ್ಲ, ಸಿಟ್ಟಿಗೆ ಅಂದದ್ದು. ಪೂಜಾರಿ ತಟ್ಟೆಯನ್ನು ನನ್ನತ್ತ ತಿರುಗಿಸಿದರು. ಪಕ್ಕದಲ್ಲಿ ಗಂಡ, ಹಿಂದೆ ಅತ್ತೆ, ಎದುರಿಗೆ ದೇವರು. ನನ್ನ ಕೈ ಮೇಲೆದ್ದಿತು. ಸುಳ್ಳಾಣೆ ಮಾಡಲೆಂದೇ ಎದ್ದದ್ದು, ಈಗ ಮುಚ್ಚಿಡುವುದೇನು?

ಅಕ್ಕ ನಡುವೆ ಬಂದು ತನ್ನ ಅಂಗೈಯನ್ನು ಕರ್ಪೂರದ ಮೇಲೆ ಒತ್ತಿಬಿಟ್ಟಳು. "ನಾನು ಹೇಳಿದ್ದೇ ನಿಜ. ಆಣೆ ಮುಗೀತು. ಅವಳಿಗ್ಯಾಕೆ? ಎಳೇ ಮಕ್ಕಳ ತಾಯಿ" ಎಂದವಳೇ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನಾನು ಉಳಿದೆ. ಮೊದಲು ಬಂದದ್ದು ಕೃತಜ್ಞತೆಯಲ್ಲ, ಅದೇ ಹಳೆಯ ಹೊಟ್ಟೆಕಿಚ್ಚು. ಅಷ್ಟು ಜನರ ಮುಂದೆ ನಿಜ ಹೇಳುವ ಎದೆ ದೇವರು ಇವಳಿಗೇ ಯಾಕೆ ಕೊಟ್ಟ ಎಂದು.

ನಾನು ಗೆದ್ದೆ. ಹಾರ ಹಾಕಿಸಿಕೊಂಡು ಬಂದ ದಿನ ಅಕ್ಕ ಬಾಗಿಲಲ್ಲಿ ನಿಂತು, "ಒಳ್ಳೇದಾಗ್ಲಿ ತಲ್ಲೀ" ಎಂದಳು. ನಾನು ಕೇಳಿಸದವಳಂತೆ ಒಳಗೆ ಹೋದೆ. ಆಮೇಲೆ ಎಷ್ಟೋ ವರ್ಷ ನಡುವಿನ ಆ ಬೀದಿಯನ್ನು ದಾಟಲಿಲ್ಲ. ಗಂಡ ಹೋದ ಮೇಲೆ ಅವಳು ಪೆರೇಸಂದ್ರದ ಮಗಳ ಮನೆ ಸೇರಿದಳು. ಅಲ್ಲೇ ತೀರಿಕೊಂಡಳು ಎಂದು ಸುದ್ದಿ ಬಂತು. ಮಣ್ಣಿಗೂ ನಾನು ಹೋಗಲಿಲ್ಲ...

ಅಂದು ಚಿಂತಾಮಣಿಯಲ್ಲಿ ಅವಳ ತೊಡೆಯ ಮೇಲೆ ಮಲಗಿದ್ದ ನನ್ನ ಚಿಕ್ಕ ಮಗಳು ಈಗ ಮದುವೆಯಾಗಿ ಚಿಕ್ಕಬಳ್ಳಾಪುರದಲ್ಲಿ ಕೆಲಸ ಮಾಡುತ್ತಾಳೆ. ಹೋದ ಭಾನುವಾರ ಬಂದವಳು ಬಿಳಿಚಿಕೊಂಡಿದ್ದಳು. ಕೆದಕಿ ಕೆದಕಿ ಕೇಳಿದ ಮೇಲೆ ಹೇಳಿದಳು, ವಾರದ ಹಿಂದೆ ಬಸಿರು ತೆಗೆಸಿಕೊಂಡಳಂತೆ. ಗಂಡನಿಗೆ ಗೊತ್ತು, ಆದರೆ ಆಸ್ಪತ್ರೆಗೆ ಒಬ್ಬಳೇ ಹೋಗಿ ಒಬ್ಬಳೇ ಆಟೋ ಹತ್ತಿ ಬಂದಳಂತೆ. ನಾನು ಎದ್ದು ಹೋಗಿ ಬೆಳ್ಳುಳ್ಳಿ ಸುಲಿದೆ.

ಲೋಟ ಕೈಗಿಟ್ಟಾಗ, "ಇದು ಬಾಣಂತಿ ಸಾರಲ್ವಾ, ನನಗ್ಯಾಕಮ್ಮ?" ಎಂದಳು.

"ಮಗು ಇಲ್ದಿದ್ರೂ ಮೈ ಬಾಣಂತೀದೇ ಕಣಮ್ಮ, ಕುಡಿ. ನನಗೊಂದು ಫೋನ್ ಮಾಡಬಾರದಿತ್ತಾ?"

"ಭಯ ಆಯ್ತು. ಎಲೆಕ್ಷನ್‌ನಲ್ಲಿ ನೀನು ಮನೆ ಮನೆಗೆ ಹೋಗಿ ಏನು ಹೇಳಿದ್ದೆ ಅಂತ ನಮ್ಮಕ್ಕ ಹೇಳಿದ್ಲು. ಎದುರು ಮನೆ ದೊಡ್ಡಮ್ಮ ಇದ್ದಿದ್ರೆ ಅವರನ್ನೇ ಕರೀತಿದ್ದೆ."

ಸತ್ತವಳ ಮೇಲೂ ಹೊಟ್ಟೆ ಉರಿಯಿತು. ನಾನು ಹೆತ್ತ ಮಗಳಿಗೆ ಬೇಕಾಗಿದ್ದೂ ಅವಳೇ.

"ನಾನೂ ಅವಳನ್ನೇ ಕರೆದಿದ್ದೆ ಕಣೇ" ಎಂದೆ. ಮಗಳು ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಈ ಮಾತು ಕೇಳಿಸಿಕೊಳ್ಳಬೇಕಾದವಳು ಎದುರು ಮನೆಯಲ್ಲಿ ಇರಲಿಲ್ಲ.